ಹಾಡಿದ್ದೇ ಹಾಡೋ ಕಿಸಬಾಯಿ ದಾಸ

ಪ್ರಶ್ನೆ: ಸಾರ್, ಎರಡು ವರ್ಷದಿಂದ ಬ್ಲಾಗ್ ಬರೀತಿದೀನಿ. ಯಾವ್ದಾದ್ರೂ ಸುದ್ದಿ ಬಂದ್ರೆ ನಾನು ಕೂತು ಬರೆಯೋಷ್ಟರಲ್ಲಿ ಹತ್ತಾರು ಜನ ಅದನ್ನೇ ಬರೆದಿರ್ತಾರೆ, ನಂದು ಓದಿದ್ರೆ ನಂಗೇ ಅವರ ಪ್ರತಿಧ್ವನಿ ಅನ್ಸತ್ತೆ. ನಿಲ್ಲಿಸಿಬಿಡ್ಲಾ?

ಉತ್ತರ: ನಿಲ್ಲಿಸ್ಬೇಡಿ ಮಾರಾಯ್ರೇ. 1997ರಲ್ಲಿ ಜೋರ್ನ್ ಬಾರ್ಗರ್ ಅನ್ನೋರು 'ವೆಬ್‌ಲಾಗ್' ಅನ್ನೋ ಪದ ಹುಟ್ಟುಹಾಕಿದಾಗ ಅದರ ಕೆಲಸ ಇದ್ದಿದ್ದೇ ವೆಬ್‌ನಲ್ಲಿ ಓದಿದ್ದರ ಲಿಂಕ್ ಕೊಟ್ಟು ಪಕ್ಕದಲ್ಲಿ ಒಂದೆರಡು ಸಾಲು ಗೀಚೋದು, ಅದನ್ನ ಮೊಟಕು ಮಾಡಿ 'ಬ್ಲಾಗ್' ಅಂದಿದ್ದು 1999ರಲ್ಲಿ. ಹಾಗಾಗಿ ಬೇರೆಯವರ ಮಾತು ಎತ್ಕೊಳ್ಳೋದೇ ತಪ್ಪಲ್ಲ, ಆ ಒಂದೆರಡು ಸಾಲಲ್ಲೂ ನೀವು ಇಲ್ದೇ ಇದ್ರೆ ಕಷ್ಟ. ಹತ್ತು ಜನ ಬರೆದ್ರೂ ಒಂದೊಂದ್ಸಲ ಮೂಲ ವರದಿ ಓದಿದವರು ಒಬ್ಬರೇ ಇರ್ತಾರೆ, ಮಿಕ್ಕವರು ಅವರನ್ನ ಓದಿ, ಅವರನ್ನ ಓದಿದವರನ್ನ ಓದಿ ಬರೀತಾರೆ, ಎಲ್ರೂ ಒಂದೇ ಹೇಳ್ತಿದಾರೆ ಅಂದ್ಮೇಲೆ ನಿಜಾನೇ ಇರ್ಬೇಕು ಅಂತ ನಮಗೂ ಅನ್ಸಿಬಿಡತ್ತೆ, ಅಸಲಿಗೆ ಅಲ್ಲಿರೋದು ಒಂದೇ ದನಿ. ನೀವು ಮೂಲ ಹುಡುಕಿ ಓದಿ, ಅರ್ಧ ಕೆಲಸ ಆಯ್ತು. ಬೇರೆಯವರದ್ದು ನೋಡೋಕ್ ಮುಂಚೆ ನಿಮಗೆ ಅನ್ಸಿದ್ದನ್ನ ನಾಲ್ಕು ಸಾಲು ಬರೆದಿಟ್ಕೊಳ್ಳಿ, ಆಮೇಲೆ ನಿಮಗೆ ಒಪ್ಪಿಗೆ ಇಲ್ಲದವರನ್ನೂ ಓದಿ. ಲೇಟಾದ್ರೆ ಆಗ್ಲಿ ಬಿಡಿ. ಹೇಳೋಕೆ ಹೊಸದೇನೂ ಸಿಗ್ಲಿಲ್ವಾ, ಲಿಂಕ್ ಕೊಟ್ಟು ಸುಮ್ನಾಗಿ. ನಾನಂತೂ ಹೀಗೆ ಸುಮ್ನಾಗೋ ಹಾಗಿಲ್ಲ, ಕಾಲಂ ತುಂಬಿಸ್ಬೇಕಲ್ಲ!