ಓದುಗರ ಪ್ರಶ್ನೆ: ಊರಿನ ಪ್ರತಿಷ್ಠಾನದ ಅನುದಾನ, ಸಣ್ಣ ಸಂಘದ ಅರ್ಜಿ

ಪ್ರಶ್ನೆ: ನಮ್ಮ ಸಂಘ 4 ವರ್ಷದಿಂದ ಮಕ್ಕಳಿಗೆ ಸಂಜೆ ಪಾಠ ನಡೆಸುತ್ತಿದೆ. ಜಿಲ್ಲೆಯ ದಾನಿಗಳು ಕೂಡಿ ಕಟ್ಟಿದ ಪ್ರತಿಷ್ಠಾನವೊಂದು ಅನುದಾನಕ್ಕೆ ಅರ್ಜಿ ಕರೆದಿದೆ. ಏನೇನು ನೋಡುತ್ತಾರೆ? (ಕುಷ್ಟಗಿಯ ಓದುಗರು)

ಉತ್ತರ: ಕಾಗದಪತ್ರ ಮೊದಲು, ಕೆಲಸ ಆಮೇಲೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಮಾಣಪತ್ರ ಎಲ್ಲರ ಹತ್ತಿರವೂ ಇರುತ್ತದೆ. ಆದರೆ ವಾರ್ಷಿಕ ಮಹಾಸಭೆ ಆದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಆಡಿಟ್ ಆದ ಲೆಕ್ಕ ಎರಡನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ಎರಡು ಮೂರು ವರ್ಷ ಬಿಟ್ಟ ಸಂಘಗಳು ಬಹಳ. ಬಾಕಿ ತೀರಿಸಿ ಬರುವಷ್ಟರಲ್ಲಿ ಅರ್ಜಿಯ ಗಡುವು ಮುಗಿದಿರುತ್ತದೆ. ಆದ್ದರಿಂದ ಇವತ್ತೇ ಆ ಕಡತ ತೆಗೆದು ನೋಡಿ.

ಸಂಘದ ಹೆಸರಿನ ಪ್ಯಾನ್, ಇಬ್ಬರ ಜಂಟಿ ಸಹಿಯ ಬ್ಯಾಂಕ್ ಖಾತೆ, 3 ವರ್ಷದ ಆಡಿಟ್ ವರದಿ, ಸಂಘದ ಆದಾಯಕ್ಕೂ ದಾನಿಗಳಿಗೂ ತೆರಿಗೆ ರಿಯಾಯಿತಿ ಕೊಡಿಸುವ, ಎಲ್ಲರೂ 12ಎ, 80ಜಿ ಎನ್ನುವ ಆದಾಯ ತೆರಿಗೆ ನೋಂದಣಿಗಳು, ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ಸಂಘ ನೋಂದಾಯಿಸಿದಾಗ ಸಿಗುವ ಸಂಖ್ಯೆ ಜೋಡಿಸಿಡಿ. ಕಂಪನಿ ತನ್ನ ಸಾಮಾಜಿಕ ಹೊಣೆಗಾರಿಕೆಗೆ ಕೊಡುವ ಸಿಎಸ್‌ಆರ್ ಹಣವಾದರೆ 2021ರ ಏಪ್ರಿಲ್‌ನಿಂದ ಕಡ್ಡಾಯವಾದ ಸಿಎಸ್‌ಆರ್-1 ನೋಂದಣಿಯೂ ಬೇಕಾಗುತ್ತದೆ. ಇನ್ನೊಂದು ಮಾತು: ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ, ಅಂಥ ದೇಣಿಗೆ ಪಡೆದ ಸಂಸ್ಥೆ ಅದನ್ನು ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ. ಪ್ರತಿಷ್ಠಾನದ ಹಣದ ಮೂಲ ಯಾವುದು ಎಂದು ಕೇಳಲು ಸಂಕೋಚ ಬೇಡ.

ಸಾಮಾನ್ಯವಾಗಿ ಮೊದಲು ಎರಡು ಪುಟದ ಟಿಪ್ಪಣಿ, ಅದು ಒಪ್ಪಿಗೆಯಾದರೆ ಪೂರ್ಣ ಅರ್ಜಿ, ಆಮೇಲೆ ಸ್ಥಳ ಭೇಟಿ, ಕೊನೆಗೆ ಸಮಿತಿಯ ತೀರ್ಮಾನ. ನಿಮ್ಮ ಸಂಘದವರ ಬಳಗದವರೊಬ್ಬರು ಆ ಸಮಿತಿಯಲ್ಲಿದ್ದರೆ ಮೊದಲೇ ಬರೆದು ತಿಳಿಸಿ. ಅವರು ಆ ಚರ್ಚೆಯಿಂದ ಹೊರಗೆ ಕೂತರಾಯಿತು. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಒಳ್ಳೆಯ ಅರ್ಜಿಯೂ ಬಿದ್ದುಹೋಗುತ್ತದೆ.

ಖರ್ಚಿನ ಅಂದಾಜಿನಲ್ಲಿ ‘ಇತರೆ ₹50,000’ ಎಂಬ ಸಾಲು ಬರೆಯಲೇಬೇಡಿ. ‘ನೋಟ್‌ಬುಕ್, ಪೆನ್ನು: 40 ಮಕ್ಕಳು × ₹350 = ₹14,000’, ‘ಪಾಠ ಹೇಳುವವರು: 2 ಜನ × ₹6,000 × 10 ತಿಂಗಳು = ₹1,20,000’ ಎಂದು ಬಿಡಿಸಿ ಬರೆಯಿರಿ. ಪಂಚಾಯಿತಿ ಕೊಟ್ಟ ಕೋಣೆ, ಊರವರು ಕಟ್ಟುವ ಕರೆಂಟ್ ಬಿಲ್ಲು ಇವನ್ನೂ ಸ್ಥಳೀಯ ಪಾಲು ಎಂದು ತೋರಿಸಿ. ಆಡಿಟರ್ ಶುಲ್ಕವನ್ನು ಮರೆತು, ಕೊನೆಗೆ ಅದನ್ನು ಪುಸ್ತಕದ ಬಾಬ್ತಿನಿಂದ ಎತ್ತುವ ಸಂಘಗಳಿವೆ. ಅಲ್ಲಿಂದಲೇ ಲೆಕ್ಕ ಹಳಿ ತಪ್ಪುತ್ತದೆ.

ಪ್ರಶ್ನೆ: ಜಿಲ್ಲಾ ಖನಿಜ ಪ್ರತಿಷ್ಠಾನವೂ ಇಂಥದ್ದೇ ಅಲ್ಲವೇ? (ಸಂಡೂರಿನ ಓದುಗರು)

ಉತ್ತರ: ಅಲ್ಲ. ಅದು 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದದ್ದು. ಗಣಿ ಗುತ್ತಿಗೆದಾರರು ರಾಜಧನದ (ತೆಗೆದ ಖನಿಜಕ್ಕೆ ಸರ್ಕಾರಕ್ಕೆ ಕಟ್ಟುವ ಹಣ) ಜೊತೆ, ಗುತ್ತಿಗೆಯ ಬಗೆ ನೋಡಿ, ರಾಜಧನದ ಶೇ 10 ಅಥವಾ ಶೇ 30ರಷ್ಟು ಕಟ್ಟುವ ಹಣ. ಗಣಿಬಾಧಿತ ಊರುಗಳಿಗೆ ಮೀಸಲು, ಹೆಚ್ಚಿನ ಕಾಮಗಾರಿ ಸರ್ಕಾರಿ ಇಲಾಖೆಗಳ ಮೂಲಕವೇ. ದಾನಿಗಳ ಪ್ರತಿಷ್ಠಾನದ ಅರ್ಜಿ ನಮೂನೆ ಅಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ನಮ್ಮ ಸಂಘದ ಸಂಜೆ ಪಾಠಕ್ಕೆ ಅನುದಾನದ ಮೊದಲ ಕಂತು ಬಂದು ಖರ್ಚಾಯಿತು. ಎರಡನೆಯದು ತಡೆಹಿಡಿದಿದ್ದಾರೆ. (ಸಿಂಧನೂರಿನ ಓದುಗರು)

ಉತ್ತರ: ವೋಚರ್‌ಗಳನ್ನು ಹರಡಿ ಒಂದೊಂದಾಗಿ ನೋಡಿ. ಬಿಲ್ಲು ಸಂಘದ ಹೆಸರಿನಲ್ಲಿದೆಯೇ, ಕಾರ್ಯದರ್ಶಿಯ ಹೆಸರಿನಲ್ಲಿದೆಯೇ? ದಿನಾಂಕ ಒಪ್ಪಂದಕ್ಕಿಂತ ಹಿಂದಿನದೇ? ಒಬ್ಬರಿಗೆ ಒಂದೇ ದಿನ ₹10,000ಕ್ಕಿಂತ ಹೆಚ್ಚು ನಗದು ಕೊಟ್ಟಿದ್ದರೆ ತೆರಿಗೆ ಲೆಕ್ಕದಲ್ಲೂ ಆ ಖರ್ಚು ನಿಲ್ಲುವುದಿಲ್ಲ. ₹5,000 ಮೀರಿದ ನಗದು ರಸೀದಿಗೆ ₹1ರ ರೆವೆನ್ಯೂ ಸ್ಟಾಂಪ್ ಇರಬೇಕು.

ಒಂದು ಬಾಬ್ತಿನ ಹಣ ಇನ್ನೊಂದಕ್ಕೆ ಹೋಗಿದ್ದರೆ ಈಗಲೇ ಪತ್ರ ಬರೆದು ಕಾರಣ ಹೇಳಿ. ಇನ್ನು ಮುಂದೆ ಖರ್ಚಿಗೆ ಮೊದಲೇ ಒಪ್ಪಿಗೆ ಕೇಳಿ.

ಮಕ್ಕಳ ಹಾಜರಿ ಕಡಿಮೆಯಾದದ್ದೂ ಕಾರಣವಾಗಿರಬಹುದು. ಸುಗ್ಗಿ ಮುಗಿದ ಮೇಲೆ ಅಪ್ಪ ಅಮ್ಮ ಗುಳೆ ಹೋದರೆ ಮಕ್ಕಳೂ ಹೋಗುತ್ತಾರೆ; ಅದು ನಿಮ್ಮ ಸಂಘದ ಸೋಲಲ್ಲ. ಯಾವ ಮಗು ಯಾವ ತಿಂಗಳು ಹೋಯಿತು, ಯಾವಾಗ ಮರಳಿತು ಎಂದು ಹಾಜರಿ ಪುಸ್ತಕದ ಅಂಚಿನಲ್ಲಿ ಗುರುತು ಹಾಕಿ, ಆ ಪುಟದ ಪ್ರತಿಯನ್ನು ವರದಿಗೆ ಲಗತ್ತಿಸಿ. ಬರುವ ವರ್ಷದ ಅರ್ಜಿಯಲ್ಲಿ, ಅಜ್ಜಿಯ ಮನೆಯಲ್ಲಿ ಉಳಿಯುವ ಮಕ್ಕಳಿಗೆ ಆ ತಿಂಗಳುಗಳಲ್ಲಿ ರಾತ್ರಿ ಊಟದ ಖರ್ಚನ್ನೂ ಸೇರಿಸಿ ಕೇಳಿ.