ಶುಚಿಯಾದ ಮನೆ, ತಪ್ಪದ ಸೋಂಕು

ಪ್ರಶ್ನೆ: ನನ್ನ ತಂಗಿಯ ಒಂಬತ್ತು ವರ್ಷದ ಮಗನಿಗೆ ಸಿಸ್ಟಿಕ್ ಫೈಬ್ರೋಸಿಸ್ ಇದೆ. ಮನೆಯನ್ನು ಎಷ್ಟೇ ಶುಚಿಯಾಗಿಟ್ಟರೂ ಶ್ವಾಸಕೋಶದ ಸೋಂಕು ಮರುಕಳಿಸುತ್ತದೆ. ಅವನ ರೋಗನಿರೋಧಕ ಶಕ್ತಿ ಕಡಿಮೆಯೇ? ಟಾನಿಕ್ ಕೊಡಬಹುದೇ?
— ಓದುಗರೊಬ್ಬರು, ಹಾಸನ

ಉತ್ತರ: ಈ ಕಾಯಿಲೆಯಲ್ಲಿ ಮೂಲತಃ ಕೆಟ್ಟಿರುವುದು ರೋಗನಿರೋಧಕ ಶಕ್ತಿಯಲ್ಲ, ಶ್ವಾಸನಾಳವನ್ನು ಗುಡಿಸಿಡುವ ವ್ಯವಸ್ಥೆ. ಉಸಿರಿನೊಡನೆ ಬ್ಯಾಕ್ಟೀರಿಯಾಗಳು ಎಲ್ಲರ ಶ್ವಾಸನಾಳಕ್ಕೂ ಇಳಿಯುತ್ತವೆ. ಅಲ್ಲಿ ತೆಳುವಾದ ನೀರಿನ ಪದರದಲ್ಲಿ ಬೀಸಾಡುವ ಸೂಕ್ಷ್ಮ ರೋಮಗಳು, ಬ್ಯಾಕ್ಟೀರಿಯಾಗಳನ್ನು ಹಿಡಿದಿಟ್ಟ ಲೋಳೆಯನ್ನು ಗಂಟಲಿನತ್ತ ತಳ್ಳುತ್ತಲೇ ಇರುತ್ತವೆ. ನಾವು ಅರಿಯದೆಯೇ ಅದನ್ನು ನುಂಗಿಬಿಡುತ್ತೇವೆ. ಆ ಪದರ ಉಳಿಯಲು ಜೀವಕೋಶಗಳಿಂದ ಉಪ್ಪಿನ ಅಂಶವಾದ ಕ್ಲೋರೈಡ್ ಹೊರಬಂದು ನೀರನ್ನೂ ತನ್ನೊಡನೆ ಎಳೆದು ತರಬೇಕು, ಕ್ಲೋರೈಡ್‌ಗೆ ದಾರಿಯಾಗುವುದು ಸಿಎಫ್‌ಟಿಆರ್ ಎಂಬ ಪ್ರೋಟೀನು. ಇದರ ಜೀನನ್ನು 7ನೇ ವರ್ಣತಂತುವಿನಲ್ಲಿ 1989ರಲ್ಲಿ ಗುರುತಿಸಲಾಯಿತು. ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಪಡೆದ ಮಗುವಿನಲ್ಲಿ ಈ ದಾರಿ ಕೆಡುವುದರಿಂದ ನೀರಿನ ಪದರ ಬತ್ತಿ, ಲೋಳೆ ಅಂಟಿನಂತೆ ಗಟ್ಟಿಯಾಗಿ, ರೋಮಗಳನ್ನೇ ಅದುಮಿ ಕೂರುತ್ತದೆ. (ಬೆವರು ವಿಪರೀತ ಉಪ್ಪಾಗುವುದಕ್ಕೂ ಇದೇ ದೋಷ ಕಾರಣ, ಬೆವರಿನ ಪರೀಕ್ಷೆಯಿಂದ ರೋಗ ಪತ್ತೆಯಾಗುವುದು ಹಾಗೆ.)

ಹೊರಹೋಗದ ಈ ಕಫದಲ್ಲಿ ಬಾಲ್ಯದಲ್ಲಿ ಹೆಚ್ಚಾಗಿ ಸ್ಟೆಫಿಲೊಕಾಕಸ್ ಆರಿಯಸ್, ಮುಂದೆ ಸ್ಯೂಡೊಮೊನಾಸ್ ಎರುಜಿನೋಸ ಎಂಬ ಬ್ಯಾಕ್ಟೀರಿಯಾಗಳು ನೆಲೆಸುತ್ತವೆ. ಎರಡನೆಯದು ಬಲು ಜಿಗುಟು: ಆಮ್ಲಜನಕ ವಿರಳವಾದ ಕಫದ ಗಟ್ಟಿಗಳೊಳಗೂ ಬದುಕುತ್ತದೆ, ತನ್ನ ಸುತ್ತ ಲೋಳೆಯ ಹೊದಿಕೆ ಹೆಣೆದುಕೊಂಡು ಆಂಟಿಬಯೋಟಿಕ್‌ಗಳಿಗೂ ಸುಲಭವಾಗಿ ಬಗ್ಗುವುದಿಲ್ಲ. ಅದನ್ನು ಕೊಲ್ಲಲು ಬಿಳಿ ರಕ್ತಕಣಗಳು ದಂಡುಗಟ್ಟಿ ಬರುತ್ತವೆ. ಆದರೆ ಸತ್ತ ಕಣಗಳಿಂದ ಚೆಲ್ಲಿದ ಡಿಎನ್‌ಎ ಕಫವನ್ನು ಇನ್ನಷ್ಟು ಮಂದವಾಗಿಸುತ್ತದೆ, ಅವು ಸ್ರವಿಸುವ ಕಿಣ್ವಗಳು ಶ್ವಾಸನಾಳದ ಗೋಡೆಯನ್ನೇ ಸವೆಸುತ್ತವೆ, ಹಾಗೆ ಸಡಿಲಗೊಂಡು ಹಿಗ್ಗಿದ ನಾಳದಲ್ಲಿ ಮತ್ತಷ್ಟು ಕಫ ತಂಗುತ್ತದೆ. ಹೋರಾಟ ಇಲ್ಲಿ ಕಡಿಮೆಯಾಗಿಲ್ಲ, ಅತಿಯಾಗಿದೆ.

ಆದ್ದರಿಂದ ಟಾನಿಕ್‌ನಿಂದ ಈ ಸೋಂಕು ನಿಲ್ಲುವುದಿಲ್ಲ. ಎ, ಡಿ, ಇ, ಕೆ ವಿಟಮಿನ್‌ಗಳನ್ನು ವೈದ್ಯರು ಬರೆದುಕೊಟ್ಟಿದ್ದರೆ ಅದು ಮೇದೋಜೀರಕ ಗ್ರಂಥಿಯ ತೊಂದರೆಯಿಂದ ಕೊಬ್ಬು ಸರಿಯಾಗಿ ಜೀರ್ಣವಾಗದೆ, ಕೊಬ್ಬಿನೊಡನೆಯೇ ದೇಹ ಸೇರಬೇಕಾದ ಈ ವಿಟಮಿನ್‌ಗಳು ಕೊರತೆಯಾಗುವ ಕಾರಣಕ್ಕೆ, ಅದನ್ನು ಬಿಡಬೇಡಿ. ಕಫ ಹೊರತೆಗೆಯುವ ಫಿಸಿಯೋಥೆರಪಿಯನ್ನು ಮಗು ಚೆನ್ನಾಗಿರುವ ದಿನಗಳಲ್ಲೂ ತಪ್ಪಿಸಬಾರದು. ಇನ್ನು ನಿಮ್ಮ ಶುಚಿತ್ವದ ಕಾಳಜಿ ನೆಲಕ್ಕಿಂತ ನೆಬ್ಯುಲೈಸರ್‌ನ (ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿನೊಡನೆ ಒಳಗೆ ಕಳಿಸುವ ಯಂತ್ರ) ಮೇಲಿರಲಿ: ಸ್ಯೂಡೊಮೊನಾಸ್ ತೇವವಿದ್ದಲ್ಲಿ ಬೆಳೆಯುವುದರಿಂದ, ಪ್ರತಿ ಬಳಕೆಯ ನಂತರ ಅದರ ಔಷಧಿ ಬಟ್ಟಲನ್ನೂ ಬಾಯಿಗಿಡುವ ಭಾಗವನ್ನೂ ತೊಳೆದು, ವೈದ್ಯರು ಹೇಳಿದ ರೀತಿಯಲ್ಲಿ ಸೋಂಕುರಹಿತಗೊಳಿಸಿ, ಪೂರ್ತಿ ಒಣಗಿಸಿಡಿ.