ರಾತ್ರಿ ಊಟ ಬಿಟ್ಟ ಮಾಸ್ತರರಿಗೆ

ಇಂಡಿ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರ ಪತ್ರ, ತುಸು ಮೊಟಕು ಮಾಡಿ: "ನಾನು ಗಣಿತದ ಮಾಸ್ತರ. ವಯಸ್ಸು 71, ಎತ್ತರ ಐದಡಿ ಐದಿಂಚು. ಎಂಟು ತಿಂಗಳಿಂದ ರಾತ್ರಿ ಊಟ ಬಿಟ್ಟಿದ್ದೇನೆ. ಮೊದಲು ಎರಡು ರೊಟ್ಟಿ, ಪಲ್ಯ, ಒಂದಿಷ್ಟು ಅನ್ನ-ಸಾರು ಇರುತ್ತಿತ್ತು. 61 ಕೆ.ಜಿ. ಇದ್ದವನು 54ಕ್ಕೆ ಬಂದಿದ್ದೇನೆ, ಮೈ ಹಗುರಾಗಿದೆ. ಸಕ್ಕರೆ ಕಾಯಿಲೆಯ ಗುಳಿಗೆ ಎರಡು ಹೊತ್ತೂ ತಪ್ಪಿಸಿಲ್ಲ. ಒಂದು ಹೊತ್ತು ಉಂಡವ ಯೋಗಿ ಎಂದು ಹಿರಿಯರು ಹೇಳಿದ್ದನ್ನೇ ವಿಜ್ಞಾನಿಗಳು ಇಲಿಗಳ ಮೇಲೆ ಸಾಬೀತು ಮಾಡಿದ್ದಾರೆಂದು ಮಗ ಮೊಬೈಲಿನಲ್ಲಿ ತೋರಿಸಿದ. ಮೊನ್ನೆ ಮೊಮ್ಮಗನ ಜೊತೆ ಗೋಲಗುಮ್ಮಟ ಹತ್ತುವಾಗ ಮೂರು ಕಡೆ ಕುಳಿತೆ. ಹೋದ ವರ್ಷ ಎಲ್ಲೂ ಕೂತಿರಲಿಲ್ಲ; ವಯಸ್ಸು, ಏನು ಮಾಡೋದು. ಇನ್ನೂ ಕಡಿಮೆ ಉಂಡರೆ ಇನ್ನೂ ಹೆಚ್ಚು ಬದುಕಬಹುದೇ? ದಿನಕ್ಕೆ ಎಷ್ಟು ಕ್ಯಾಲೊರಿ ಸಾಕು?" ಪತ್ರದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬೇರೊಂದು ಕೈಬರಹ: "ಇವರಿಗೆ ನೀವಾದ್ರೂ ಹೇಳ್ರಿ."

ಮಾಸ್ತರರೇ,

ಕ್ಯಾಲೊರಿಗೆ ಆಮೇಲೆ ಬರುತ್ತೇನೆ. ಮೊದಲು ಗುಳಿಗೆ. ರಾತ್ರಿ ಗುಳಿಗೆ ನುಂಗಿ ಊಟ ಬಿಡುವುದು ಅಪಾಯ. ಕೆಲವು ಬಗೆಯ ಗುಳಿಗೆಗಳು ಹೊಟ್ಟೆಯಲ್ಲಿ ಅನ್ನವಿರಲಿ ಬಿಡಲಿ ಸಕ್ಕರೆಯನ್ನು ಇಳಿಸುತ್ತವೆ. ನಡುರಾತ್ರಿ ಬೆವರು, ನಡುಕ, ಮಂಕು ಕವಿದರೆ ಮನೆಯವರಿಗೆ ಗೊತ್ತಾಗುವುದೂ ಕಷ್ಟ. ಈ ಸಂಚಿಕೆ ಕೈಗೆ ಬಂದ ದಿನವೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ.

ಎರಡನೆಯದು ತೂಕ. 61ರಲ್ಲಿ 7 ಹೋದರೆ ನೂರಕ್ಕೆ ಹನ್ನೊಂದಕ್ಕಿಂತ ಹೆಚ್ಚು. ಆರರಿಂದ ಹನ್ನೆರಡು ತಿಂಗಳಲ್ಲಿ ನೂರಕ್ಕೆ ಐದು ಇಳಿದರೇ ಹಿರಿಯರನ್ನು ತಪಾಸಣೆಗೆ ಕರೆಯುವುದು ವೈದ್ಯರ ರೂಢಿ. ಊಟ ಬಿಟ್ಟಿದ್ದಕ್ಕೇ ಇಳಿಯಿತು ಎಂದು ನೀವು ನಂಬಿದ್ದೀರಿ. ಇರಬಹುದು. ಆದರೆ ಹಿಡಿತಕ್ಕೆ ಬಾರದ ಸಕ್ಕರೆ, ಥೈರಾಯ್ಡ್, ಕ್ಷಯ ಇವೂ ಹೀಗೇ ಸದ್ದಿಲ್ಲದೆ ತೂಕ ಇಳಿಸುತ್ತವೆ. ಅವಿಲ್ಲ ಎಂದು ಖಾತ್ರಿಯಾಗಲಿ.

ಇನ್ನು ನಿಮ್ಮ ಮಗ ತೋರಿಸಿದ ಇಲಿಗಳು. ಆ ಕಥೆ ಸುಳ್ಳಲ್ಲ. 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕ್‌ಕೇ ಅರೆಹೊಟ್ಟೆಯ ಇಲಿಗಳು ಹೆಚ್ಚು ಕಾಲ ಬದುಕಿದ್ದನ್ನು ಪ್ರಕಟಿಸಿದರು. ಆದರೆ ಆ ಇಲಿಗಳಿಗೆ ಮೇವು ಕಡಿಮೆ ಮಾಡಿದ್ದು ತಾಯಿಯ ಹಾಲು ಬಿಟ್ಟ ದಿನದಿಂದ. ಅವು ಬೆಳೆಯಲೇ ಇಲ್ಲ, ಕುಳ್ಳಾಗಿ ಉಳಿದವು. 2019ರ ಒಂದು ಪ್ರಯೋಗದಲ್ಲಿ 24 ತಿಂಗಳಾದ, ಅಂದರೆ ಸುಮಾರು ನಿಮ್ಮ ವಯಸ್ಸಿನ ಇಲಿಗಳಿಗೆ ಊಟ ಕಡಿತ ಮಾಡಿದರು. ಎಳೆಯ ವಯಸ್ಸಿನಿಂದ ಕಡಿಮೆ ತಿಂದವಕ್ಕೆ ಸಿಕ್ಕ ಲಾಭ ಇವಕ್ಕೆ ಸಿಗಲಿಲ್ಲ. ಮನುಷ್ಯರ ಮೇಲಿನ ದೊಡ್ಡ ಪ್ರಯೋಗ ಅಮೆರಿಕದಲ್ಲೇ ಎರಡು ವರ್ಷ ನಡೆಯಿತು. ನೂರಕ್ಕೆ 25 ಕಡಿತ ಮಾಡಬೇಕೆಂದು ಹೊರಟವರು ಸುಮಾರು 12ರಲ್ಲಿ ನಿಂತರು. ರಕ್ತದೊತ್ತಡ, ಕೊಲೆಸ್ಟ್ರಾಲ್ ಸುಧಾರಿಸಿದವು, ಮೂಳೆಯ ಸಾಂದ್ರತೆ ಇಳಿಯಿತು. ಅದರಲ್ಲಿ 50 ದಾಟಿದವರನ್ನು ಸೇರಿಸಿಯೇ ಇರಲಿಲ್ಲ. ನಿಮಗಿರಲಿ, ನನಗೂ ಅಲ್ಲಿ ಜಾಗವಿರಲಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ, ಲೆಕ್ಕ. ನೀವು ಬಿಟ್ಟ ಊಟ ಸುಮಾರು 550 ಕ್ಯಾಲೊರಿ ಎನ್ನಿ. 240 ದಿನಕ್ಕೆ 1,32,000. ಒಂದು ಕೆ.ಜಿ. ಕೊಬ್ಬಿಗೆ 7,700ರಂತೆ ಭಾಗಿಸಿದರೆ 17 ಕೆ.ಜಿ. ಇಳಿಯಬೇಕಿತ್ತು. ಇಳಿದಿದ್ದು 7. ಉಳಿದ ಹತ್ತು ಎಲ್ಲಿ? ಸ್ವಲ್ಪ ಮಧ್ಯಾಹ್ನದ ತಾಟಿನಲ್ಲಿ ನಿಮಗರಿವಿಲ್ಲದೆ ವಾಪಸ್ ಬಂದಿರುತ್ತದೆ. ಉಳಿದದ್ದನ್ನು ಮೈಯೇ ಉಳಿತಾಯ ಮಾಡಿದೆ: ಸಣ್ಣ ದೇಹಕ್ಕೆ ಸಣ್ಣ ಖರ್ಚು, ಜೊತೆಗೆ ಓಡಾಟವೂ ತಾನಾಗಿ ಕಡಿಮೆಯಾಗುತ್ತದೆ. ಹೊಲಕ್ಕೆ ಹೋಗುತ್ತಿದ್ದವರು ಕಟ್ಟೆಯ ಮೇಲೆ ಕೂಡುತ್ತಾರೆ. ಆದಾಯ ಕಡಿಮೆಯಾದಾಗ ಸಂಸಾರಸ್ಥ ಮಾಡುವುದೂ ಅದನ್ನೇ ಅಲ್ಲವೇ? ಇದಕ್ಕಿಂತ ಕೆಟ್ಟ ಸುದ್ದಿ, ಹೋದ ಏಳು ಕೆ.ಜಿ. ಪೂರ್ತಿ ಕೊಬ್ಬಲ್ಲ. ಹೀಗೆ ಇಳಿಯುವ ತೂಕದಲ್ಲಿ ಸಾಮಾನ್ಯವಾಗಿ ಕಾಲು ಭಾಗದಷ್ಟು ಸ್ನಾಯು ಮೊದಲಾದ ಕೊಬ್ಬಲ್ಲದ ಭಾಗ. ಗೋಲಗುಮ್ಮಟದಲ್ಲಿ ನೀವು ಮೂರು ಕಡೆ ಕೂತದ್ದಕ್ಕೆ ವಯಸ್ಸೊಂದನ್ನೇ ದೂರಬೇಡಿ. ಒಂದೇ ವರ್ಷದಲ್ಲಿ ವಯಸ್ಸು ಅಷ್ಟು ಅವಸರ ಮಾಡುವುದಿಲ್ಲ. ಮನೆಯಲ್ಲೇ ನೋಡಿ: ಎದೆಯ ಮೇಲೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂಡಿ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ತೊಡೆಯ ಬಲ ಕುಂದಿದೆ ಎಂದು ಅರ್ಥ.

ನಿಮ್ಮ ಕಡೆಯ ವಾದವೂ ಒಂದಿದೆ, ಅದನ್ನು ಒಪ್ಪುತ್ತೇನೆ. ವಯಸ್ಸಾದವರಿಗೆ ಕ್ಯಾಲೊರಿ ಕಡಿಮೆ ಸಾಕು. ಎಂಟು ದಿನದ ಕೂಸಿನಿಂದ 95ರ ಮುದುಕರವರೆಗೆ ಆರು ಸಾವಿರಕ್ಕೂ ಹೆಚ್ಚು ಜನರ ಶಕ್ತಿ ವ್ಯಯವನ್ನು ಅಳೆದ 2021ರ ಅಧ್ಯಯನದಲ್ಲಿ, 20ರಿಂದ 60ರವರೆಗೆ ಅದು ಹೆಚ್ಚುಕಡಿಮೆ ಸಮನಾಗಿತ್ತು. ಆಮೇಲೆ ವರ್ಷಕ್ಕೆ ನೂರಕ್ಕೆ 0.7ರಷ್ಟು ಇಳಿಯುತ್ತ ಹೋಯಿತು. ವಯಸ್ಸಾದಂತೆ ಹಸಿವು ಕುಗ್ಗುವುದು ಸುಳ್ಳಲ್ಲ. ಆದರೆ ಪ್ರೋಟೀನಿನ ಅಗತ್ಯ ಹಾಗೆ ಇಳಿಯುವುದಿಲ್ಲ, ತುಸು ಏರುತ್ತದೆ: ಹಿರಿಯರಿಗೆ ದೇಹತೂಕದ ಪ್ರತಿ ಕೆ.ಜಿ.ಗೆ 1ರಿಂದ 1.2 ಗ್ರಾಂ ಬೇಕೆಂದು ತಜ್ಞರು ಹೇಳುತ್ತಾರೆ. ನಿಮಗೆ 60 ಗ್ರಾಂ ಹತ್ತಿರ. ಒಂದಿಡೀ ಊಟ ಬಿಟ್ಟಾಗ ಬೇಡದ್ದರ ಜೊತೆ ಬೇಕಾದ್ದೂ ಹೋಯಿತು. ಬೆಳಿಗ್ಗೆ ಸುಸಲಾ, ಮಧ್ಯಾಹ್ನ ಎರಡು ರೊಟ್ಟಿ, ಕಾಳುಪಲ್ಯ, ಒಂದಿಷ್ಟು ಅನ್ನ, ಚಹಾದ ಹಾಲು, ಎಲ್ಲ ಸೇರಿಸಿದರೂ 30 ದಾಟುವುದು ಕಷ್ಟ.

ಇದಕ್ಕೆ ಡಬ್ಬಿಯ ಪುಡಿ ಬೇಕಿಲ್ಲ. (ಮೊನ್ನೆ ಗೆಳೆಯರೊಬ್ಬರ ಪಥ್ಯದ ಚೀಟಿಯಲ್ಲಿ ಬ್ರೊಕೊಲಿ ಎಂದಿತ್ತು. ಅವರು ಅದನ್ನು ಔಷಧಿ ಅಂಗಡಿಯಲ್ಲಿ ಕೇಳಿದರಂತೆ.) ಒಂದು ಜೋಳದ ರೊಟ್ಟಿಯಲ್ಲಿ 6 ಗ್ರಾಂ ಇದೆ. 40 ಗ್ರಾಂ ಕಡಲೆಹಿಟ್ಟಿನ ಜುಣಕದಲ್ಲಿ 8-9, ಎರಡು ಚಮಚ ಶೇಂಗಾ ಹಿಂಡಿಯಲ್ಲಿ (ಚಟ್ನಿಪುಡಿ) 5, ಒಂದು ಲೋಟ ಹಾಲಿನಲ್ಲಿ 6. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕೊರತೆ, ಬೇಳೆಕಾಳಿನಲ್ಲಿ ಅದು ಧಾರಾಳ. ರೊಟ್ಟಿಗೆ ಕಾಳುಪಲ್ಯ ಗಂಟು ಹಾಕಿದ ನಮ್ಮ ಅಜ್ಜಿಯರು ಆ ಹೆಸರು ಕೇಳಿರಲಿಲ್ಲ, ಅಷ್ಟೇ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಪ್ರೋಟೀನ್ ಏರಿಸುವ ಮುನ್ನ ಡಾಕ್ಟರನ್ನು ಕೇಳಿ.

ಯೋಗಿ-ಭೋಗಿ-ರೋಗಿ ಗಾದೆ ನನಗೂ ಇಷ್ಟವೇ. ಅದನ್ನು ಕಟ್ಟಿದವರು ಗುಳಿಗೆ ನುಂಗುತ್ತಿರಲಿಲ್ಲ ಎನ್ನುವುದು ನೆನಪಿರಲಿ. ಎಷ್ಟು ಕ್ಯಾಲೊರಿ ಸಾಕೆಂದು ಕೇಳಿದಿರಿ. ಅಂಕಿ ಕೊಡುವುದಿಲ್ಲ, ಕೊಟ್ಟರೆ ನೀವು ಅದರಲ್ಲೂ ಉಳಿತಾಯ ಮಾಡುತ್ತೀರಿ. ರಾತ್ರಿ ಏಳರೊಳಗೆ ಸಣ್ಣ ಊಟ ಶುರುಮಾಡಿ, ತಿಂಗಳಿಗೊಮ್ಮೆ ತೂಕ ನೋಡಿ, ದಿನಾ ಕುರ್ಚಿಯಿಂದ ಎದ್ದು ಕೂಡುವ ಅಭ್ಯಾಸ ಇಟ್ಟುಕೊಳ್ಳಿ. ಸ್ನಾಯು ಕೂಳಿನಿಂದ ಮಾತ್ರ ಬರುವುದಿಲ್ಲ, ದುಡಿಸಬೇಕು.

ಪೆನ್ಸಿಲ್ಲಿನಲ್ಲಿ ಬರೆದ ತಾಯಿಯವರಿಗೆ: ಹೇಳೇನ್ರಿ. ರೊಟ್ಟಿ ಒಂದೇ ಬಡೀರಿ, ತೆಳ್ಳಗಿರಲಿ. ಜುಣಕ ಮಾತ್ರ ಕಡಿಮಿ ಮಾಡಬ್ಯಾಡ್ರಿ.